ನಗರದ ರೈತರ ಕೂಟ, 1830–31: ಒಂದು ಪುನರಾಲೋಚನೆ

ಮೈಸೂರು ಸಂಸ್ಥಾನದ ಆಧುನಿಕ ಚರಿತ್ರೆಯನ್ನು ಬೋಧಿಸುವಾಗ 1831ನೆಯ ಇಸವಿಯನ್ನು ನಾವು ಒಂದು ಗಡಿಗಲ್ಲಿನಂತೆ ಬಳಸುತ್ತ ಬಂದಿದ್ದೇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದ ಶೈಥಿಲ್ಯ, ನಗರ ಪ್ರಾಂತದ ದಂಗೆ, ಗವರ್ನರ್ ಜನರಲ್ ಬೆಂಟಿಂಕನ ಹಸ್ತಕ್ಷೇಪ, ಕಮಿಷನರುಗಳ ಐವತ್ತು ವರ್ಷದ ಆಳ್ವಿಕೆ ಎಂದು ಪಾಠ ಮುಂದುವರಿಯುತ್ತದೆ. ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಇದರಲ್ಲಿ ರೈತರಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ರಾಜನಿಂದ ಕಂಪನಿಗೆ ಅಧಿಕಾರ ಹಸ್ತಾಂತರವಾಗುವುದಕ್ಕೆ ಒಂದು ನಿಮಿತ್ತವಾಗಿ ಅವರು ಪ್ರವೇಶಿಸುತ್ತಾರೆ. ಹಸ್ತಾಂತರ ಮುಗಿದೊಡನೆ ಪುಟದಿಂದ ಮರೆಯಾಗುತ್ತಾರೆ. ಅವರು ಬೇಡಿದ್ದೇನು, ಪಡೆದದ್ದೇನು, ಅವರಲ್ಲಿ ಯಾರು ಪಡೆದರು, ಯಾರು ಪಡೆಯಲಿಲ್ಲ ಎಂಬ ಪ್ರಶ್ನೆಗಳನ್ನು ನಮ್ಮ ಪಠ್ಯಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಪ್ರಕೃತ ಲೇಖನದಲ್ಲಿ ಅವನ್ನು ಕೇಳುವುದು ನಮ್ಮ ಉದ್ದೇಶ.

ಮೊದಲು ಪ್ರದೇಶದ ಮಾತು. ಇಂದಿನ ಶಿವಮೊಗ್ಗ ಜಿಲ್ಲೆಯ ಬಹುಭಾಗವನ್ನೊಳಗೊಂಡ ನಗರ ಪ್ರಾಂತವು ಕೆಳದಿಯ ನಾಯಕರ ರಾಜ್ಯದ ಹೃದಯಭಾಗವಾಗಿತ್ತು. ಅವರ ರಾಜಧಾನಿಯಾದ ಬಿದನೂರನ್ನು 1763ರಲ್ಲಿ ಹೈದರನು ಗೆದ್ದು ಹೈದರನಗರವೆಂದು ಕರೆದನು. ಮುಂದೆ ಅದು ಬರಿಯ 'ನಗರ'ವಾಯಿತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಶಿವಪ್ಪನಾಯಕನು ಇಲ್ಲಿನ ಗದ್ದೆ ತೋಟಗಳಿಗೆ ಗೊತ್ತುಮಾಡಿದ ಕಂದಾಯದ ದರಕ್ಕೆ 'ಶಿಸ್ತು' ಎಂದು ಹೆಸರು. ಇಂದು ಶಾಲೆಯ ಗೋಡೆಯ ಮೇಲೆ ನಾವು ಬರೆಸುವ ಆ ಶಬ್ದವು ಮಲೆನಾಡಿನ ಒಕ್ಕಲಿಗೆ ಒಂದು ಕಾಲದಲ್ಲಿ ಅರಸನೇ ಒಪ್ಪಿಕೊಂಡ ಮಿತಿಯಾಗಿತ್ತು. ಶಿಸ್ತಿಗಿಂತ ಹೆಚ್ಚಾಗಿ ಎತ್ತಿದ್ದು ಅನ್ಯಾಯವೆಂಬ ಭಾವನೆ ಅಲ್ಲಿ ರಾಜವಂಶ ಅಳಿದ ಮೇಲೂ ಉಳಿಯಿತೆಂದು ಭಾವಿಸಲು ಕಾರಣವಿದೆ. ಹಾಗಿಲ್ಲದಿದ್ದರೆ 1830ರಲ್ಲಿ ಕೆಳದಿಯ ಹೆಸರಿಗೆ ಅಷ್ಟು ಜನ ಓಗೊಡುತ್ತಿದ್ದರೆ?

1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಸುಮಾರು 24½ ಲಕ್ಷ ರೂಪಾಯಿ, ಕೊಡಬೇಕಾಗಿತ್ತು. ಸಂಸ್ಥಾನದ ಹುಟ್ಟುವಳಿಯಲ್ಲಿ ಇದು ಅತಿ ದೊಡ್ಡ ಪಾಲು. ದಿವಾನ್ ಪೂರ್ಣಯ್ಯನ ಕಾಲದಲ್ಲಿ ಹಣ ತಪ್ಪದೆ ಬಂತು, ಬೊಕ್ಕಸವೂ ತುಂಬಿತು. 1811ರ ತರುವಾಯ ಅರಮನೆಯ ವೆಚ್ಚ ಏರಿದಂತೆ ವಸೂಲಿಯ ಬಿಗಿಯೂ ಏರಿತು. ಇಲ್ಲಿ 'ಶರ್ತು' ಎಂಬ ಪದ್ಧತಿಯನ್ನು ಗಮನಿಸಬೇಕು. ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ಕೊಡುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುತ್ತಿದ್ದನು. ಹೆಚ್ಚಾಗಿ ವಸೂಲಾದರೆ ಅದು ಸರ್ಕಾರಕ್ಕೆ, ಕಡಮೆಯಾದರೆ ನಷ್ಟ ಅವನ ತಲೆಯ ಮೇಲೆ. ಹೀಗೆ ಬರೆದುಕೊಟ್ಟವನು ಬೆಳೆ ಬಂದಿದೆಯೋ ಇಲ್ಲವೋ ಎಂದು ನೋಡುತ್ತ ಕೂರುವಂತಿರಲಿಲ್ಲ. ಒಬ್ಬ ಅಧಿಕಾರಿಯ ಕ್ರೌರ್ಯದಿಂದಲ್ಲ, ಪದ್ಧತಿಯ ಒಳಗಿನಿಂದಲೇ ಪೀಡೆ ಹುಟ್ಟುತ್ತಿತ್ತು.

ಭೂಕಂದಾಯದ ಜೊತೆಗೆ ಸಣ್ಣಪುಟ್ಟ ತೆರಿಗೆಗಳ ಕಾಡೇ ಇತ್ತು. ಮುಂದೆ ಕಮಿಷನರಾಗಿ ಬಂದ ಬೌರಿಂಗನು ಇವುಗಳ ವಿಚಾರವಾಗಿ ಬರೆದಿಟ್ಟ ಸಂಗತಿಗಳು ನಗು ಬರಿಸುವಂತಿವೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ. ಒಂದು ಹಳ್ಳಿಯವರು ತೆರಿಗೆ ಕೊಡುತ್ತಿದ್ದುದು, ಹಿಂದೆಂದೋ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಅವರ ಪೂರ್ವಿಕರು ಅದನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ! ನಗರದಲ್ಲಿ ಒಂದು ಜಾಗವನ್ನು ದಾಟುವಾಗ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದವನೂ ತೆರಬೇಕಾಗಿತ್ತು. ನಮಗಿಂದು ಇವು ವಿನೋದದ ಸಂಗತಿಗಳು. ಆದರೆ ಪ್ರತಿಯೊಂದು ತೆರಿಗೆಯೂ ಒಬ್ಬ ವಸೂಲಿಗಾರನಿಗೆ ಒಕ್ಕಲಿನ ಮನೆಯ ಅಂಗಳಕ್ಕೆ ಕಾಲಿಡುವ ಹಕ್ಕು ಕೊಡುತ್ತಿತ್ತೆಂಬುದನ್ನು ಮರೆಯಬಾರದು.

ದಂಗೆಯ ಕಿಡಿ ಹಾರಿದುದು ಮಾತ್ರ ಬಡವನ ಗುಡಿಸಲಿನಲ್ಲಲ್ಲ, ಕಚೇರಿಯಲ್ಲಿ. ನಗರದ ಫೌಜುದಾರಿಕೆ ಬಹುಕಾಲ ರಾಮರಾಯನ ಕೈಯಲ್ಲಿದ್ದು, ಪ್ರಾಂತದ ಅಧಿಕಾರಗಳು ಅವನ ನಂಟರಿಷ್ಟರಲ್ಲಿ ಹಂಚಿಹೋಗಿದ್ದುವು. ಅವನ ತರುವಾಯ ಬಂದ ವೀರರಾಜೇ ಅರಸು ಹಿಂದಿನವರು ಕೊಟ್ಟಿದ್ದ ಮಾಫಿಗಳಲ್ಲಿ ಮೋಸವಿದೆಯೆಂದು ಶಂಕಿಸಿ ಅವನ್ನು ರದ್ದುಗೊಳಿಸಹೊರಟನು. ಅಧಿಕಾರ ಕಳೆದುಕೊಂಡ ಪಕ್ಷದವರು ಅಸಮಾಧಾನಕ್ಕೆ ಗಾಳಿ ಹಾಕಿದರು. ಇದರಿಂದ 'ಇದು ರೈತರ ದಂಗೆಯೇ ಅಲ್ಲ, ಅಧಿಕಾರಿಗಳ ಒಳಸಂಚು' ಎಂದು ವಾದಿಸಿದವರುಂಟು. ನಮಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಗಾಳಿ ಹಾಕಿದವರು ಯಾರೇ ಆಗಲಿ, ಒಣ ಸೌದೆಯಿಲ್ಲದೆ ಬೆಂಕಿ ಹತ್ತುವುದೆಂತು?

1830ರ ಉತ್ತರಾರ್ಧದಲ್ಲಿ ರೈತರು ಊರೂರುಗಳಲ್ಲಿ ಗುಂಪುಗೂಡಿದರು. ಈ ಸಭೆಗಳಿಗೆ 'ಕೂಟ'ವೆಂದು ಹೆಸರು; ಇಂಗ್ಲಿಷ್ ಬರೆಹಗಳಲ್ಲಿಯೂ ಆ ಶಬ್ದ ಹಾಗೆಯೇ ಉಳಿದುಕೊಂಡಿದೆ. ಕಂದಾಯ ಕೊಡುವುದಿಲ್ಲವೆಂದು ಕುಳಿತ ಕೂಟವು ಮೊದಲಿಗೆ ಆಯುಧ ಹಿಡಿದ ಸೇನೆಯಾಗಿರಲಿಲ್ಲ. ಸರ್ಕಾರದ ಕುದುರೆ ಸವಾರರು ಅದನ್ನು ಚದುರಿಸಹೊರಟ ಮೇಲೆ ಅದು ಹಾಗಾಯಿತು. ಈ ನಡುವೆ ಕೆಳದಿಯ ವಂಶಸ್ಥನೆಂದು ಹೇಳಿಕೊಂಡು ಬೂದಿ ಬಸವಪ್ಪನೆಂಬವನು ತಲೆಯೆತ್ತಿದನು. ಇವನ ನಿಜವಾದ ಹೆಸರು ಸಾದರ ಮಲ್ಲ, ಸಾಮಾನ್ಯ ಒಕ್ಕಲಿನ ಮಗನೆಂದು ಸರ್ಕಾರಿ ಬರೆಹಗಳು ಹೇಳುತ್ತವೆ. ಅವನು ಗೌಡರಿಗೆ ಕೊಟ್ಟ ವಚನ ಗಮನಾರ್ಹವಾದುದು: ಹಳೆಯ ಬಾಕಿಯೆಲ್ಲ ಮನ್ನಾ, ಇನ್ನು ಮುಂದೆ ಒಂದು ವರಹ ಕೊಡುತ್ತಿದ್ದವರು ಒಂದು ರೂಪಾಯಿ ಕೊಟ್ಟರೆ ಸಾಕು. ಆ ಕಾಲದ ವರಹಕ್ಕೆ ಸುಮಾರು ಮೂರು ರೂಪಾಯಿ. ತರೀಕೆರೆಯ ಪಾಳೆಯಗಾರನೂ ಜೊತೆಗೂಡಿದನು. ಮಹಾರಾಜರ ಪಡೆಗೆ ಹತೋಟಿ ತಪ್ಪಿದಾಗ ಕಂಪನಿಯ ಸೈನ್ಯ ಬಂದಿತು. 1831ರ ಜೂನ್‌ನಲ್ಲಿ ನಗರ ಅವರ ವಶವಾಯಿತು. ಯುದ್ಧದ ವಿವರಗಳನ್ನು ನಾವಿಲ್ಲಿ ಬೆಳೆಸುವುದಿಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಸ್ಥಾನದ ಆಡಳಿತವೇ ಮಹಾರಾಜರ ಕೈತಪ್ಪಿತು. ಕಾರಣಗಳನ್ನು ವಿಚಾರಿಸಲು ನೇಮಕವಾದ ಸಮಿತಿ ವರದಿ ಕೊಟ್ಟದ್ದು 1833ರಲ್ಲಿ. ಎಂದರೆ ತೀರ್ಪು ಮೊದಲು, ವಿಚಾರಣೆ ಆಮೇಲೆ. ವರದಿಯನ್ನು ಓದಿದ ಬೆಂಟಿಂಕನಿಗೇ ತನ್ನ ಕೃತ್ಯದಲ್ಲಿ ಸಂಶಯ ಹುಟ್ಟಿ, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣವೆಂದು 1834ರಲ್ಲಿ ಸೂಚಿಸಿದನು. ಇಂಗ್ಲೆಂಡಿನಲ್ಲಿದ್ದ ಡೈರೆಕ್ಟರುಗಳು ಒಪ್ಪಲಿಲ್ಲ.

ಹಾಗಾದರೆ ಕೂಟಕ್ಕೆ ಸೇರಿದವರಿಗೆ ದೊರೆತದ್ದೇನು? ಏನೂ ದೊರೆಯಲಿಲ್ಲವೆಂದು ಹೇಳಲಾಗದು. ಮಾರ್ಕ್ ಕಬ್ಬನ್ನನ ದೀರ್ಘ ಆಡಳಿತದಲ್ಲಿ (1834–61) 769 ಬಾಬುಗಳ ಸಣ್ಣ ತೆರಿಗೆಗಳು ರದ್ದಾದುವು. ಶರ್ತು ಹೋಯಿತು; ಫೌಜುದಾರಿಗಳು ಹೋಗಿ ನಾಲ್ಕು ವಿಭಾಗಗಳೂ ಅವಕ್ಕೆ ಸೂಪರಿಂಟೆಂಡೆಂಟರೂ ಬಂದರು. ಕುದುರೆ ಹುಡುಕದ ತಪ್ಪಿಗೆ ತೆರುವ ದಿನ ಮುಗಿಯಿತು. ಕೂಟ ಸೋತಿತು, ಆದರೆ ಅದರ ಬೇಡಿಕೆಯಲ್ಲಿ ಒಂದು ಭಾಗ ಗೆದ್ದಿತು. ಈ ಮಾತನ್ನು ನಾವು ಒತ್ತಿ ಹೇಳಬಯಸುತ್ತೇವೆ. ಏಕೆಂದರೆ ಈ ಸುಧಾರಣೆಗಳನ್ನು ಕಬ್ಬನ್ನನ ಔದಾರ್ಯದ ಖಾತೆಗೇ ಬರೆದು, ಅವುಗಳ ಹಿಂದೆ ನಿಂತಿದ್ದ 1830ರ ಭಯವನ್ನು ಮರೆಯುವ ವಾಡಿಕೆ ಇನ್ನೂ ಹೋಗಿಲ್ಲ.

ಉಳಿದ ಭಾಗವೇನಾಯಿತು? ಇಲ್ಲಿಯೇ ನಮ್ಮ ಮುಖ್ಯ ವಿಚಾರವಿರುವುದು. ನಮಗೆ ತಿಳಿದುಬಂದಿರುವ ಕೂಟದ ಬೇಡಿಕೆಗಳು ಸರ್ಕಾರಕ್ಕೂ ಕಂದಾಯ ಕೊಡುವವನಿಗೂ ನಡುವಣವು. ಬಾಕಿ, ದರ, ಮಾಫಿ, ಅಮಲ್ದಾರ — ಇವೇ ಅವುಗಳ ವಿಷಯ. ಕಂದಾಯ ಕೊಡುವವನಿಗೂ ಅವನ ಗದ್ದೆಯನ್ನು ಗೇಣಿಗೆ ಉಳುವವನಿಗೂ ನಡುವೆ ಏನು ನಡೆಯುತ್ತಿತ್ತೆಂಬುದು ಅವುಗಳಲ್ಲಿ ಕಾಣುವುದಿಲ್ಲ. ಬೂದಿ ಬಸವಪ್ಪನು ವಚನ ಕೊಟ್ಟದ್ದೂ ಗೌಡರಿಗೇ. ವರಹಕ್ಕೆ ರೂಪಾಯಿಯೆಂಬ ರಿಯಾಯಿತಿ ಯಾರ ಹೆಸರಿನಲ್ಲಿ ಕಂದಾಯವಿತ್ತೋ ಅವರಿಗೆ ನೇರವಾಗಿ ಸಲ್ಲುವಂಥದು. ಗೇಣಿಯ ಕೊಳಗ ಅದರಿಂದ ತಾನಾಗಿ ಕಿರಿದಾಗುವುದಿಲ್ಲ. 'ರೈತ'ನೆಂಬ ಒಂದು ಶಬ್ದದ ಕೆಳಗೆ ಇಬ್ಬರು ಮನುಷ್ಯರು ನಿಂತಿದ್ದರು. ಕೂಟದ ಮಾತು ಅವರಲ್ಲಿ ಒಬ್ಬನದಾಗಿತ್ತು.

ಮುಂದಿನ ಶತಮಾನದ ಸಂಸ್ಥೆಗಳೂ ಇದೇ ಜಾಡಿನಲ್ಲಿ ನಡೆದುವು. 1881ರಲ್ಲಿ ಆಡಳಿತ ರಾಜಮನೆತನಕ್ಕೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. 144 ಮಂದಿ ಸೇರಿದ ಆ ಮೊದಲ ಸಭೆ ಭರತಖಂಡದ ದೇಶೀಯ ಸಂಸ್ಥಾನಗಳಲ್ಲಿ ಅಪೂರ್ವವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೆ ತಾಲ್ಲೂಕುಗಳಿಂದ ಬಂದವರು ಮುಖ್ಯರಾದ ಜಮೀನುದಾರರು ಮತ್ತು ವರ್ತಕರು. ಕೂಟದಲ್ಲಿ ಮಾತಾಡಬಲ್ಲವರಾಗಿದ್ದವರಿಗೆ ಈಗ ಕುರ್ಚಿ ದೊರೆಯಿತು. ಗೇಣಿದಾರನು ಹೊರಗೇ ಉಳಿದನು.

ಆ ಎರಡನೆಯವನ ಮಾತು ಕೇಳಿಬರಲು ಮತ್ತೆ ಎಪ್ಪತ್ತು ವರ್ಷ ಹಿಡಿಯಿತು. ಕೇಳಿಬಂದುದು ಹಳೆಯ ನಗರ ಪ್ರಾಂತದೊಳಗಿನಿಂದಲೇ ಎಂಬುದು ಗಮನಿಸತಕ್ಕದ್ದು. 1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಬಹುಪಾಲು ದೀವರ ಜನಾಂಗಕ್ಕೆ ಸೇರಿದ ಈ ಒಕ್ಕಲುಗಳನ್ನು ಎಚ್. ಗಣಪತಿಯಪ್ಪನವರು ಸಂಘಟಿಸಿದ್ದರು, ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಬೆಂಬಲಕ್ಕೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ವಿವಾದದ ನಡುವಿದ್ದ ವಸ್ತು ಒಂದು ಕೊಳಗ. ಧಣಿಯು ಗೇಣಿ ಅಳೆದುಕೊಳ್ಳುವ ಕೊಳಗ ಸರ್ಕಾರದ ಮುದ್ರೆಯ ಕೊಳಗಕ್ಕಿಂತ ದೊಡ್ಡದೆಂದೂ ಮುದ್ರೆಯ ಕೊಳಗದಿಂದಲೇ ಅಳೆಯಬೇಕೆಂದೂ ಒಕ್ಕಲುಗಳು ಕೇಳಿದರು. 1830ರಲ್ಲಿ ಜಗಳ ಹೂಡಿದುದು ಸರ್ಕಾರದ ಲೆಕ್ಕದ ಮೇಲೆ. 1951ರಲ್ಲಿ ಸರ್ಕಾರದ ಮುದ್ರೆಯೇ ಬಡವನ ಸಾಕ್ಷಿಯಾಯಿತು. ನೂರಿಪ್ಪತ್ತು ವರ್ಷದ ಸಾಮಾಜಿಕ ಪರಿವರ್ತನೆ ಈ ವ್ಯತ್ಯಾಸದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಕಾಗೋಡಿನಿಂದ ಶಾಸನದವರೆಗಿನ ದಾರಿ ನೇರವಾಗಿರಲಿಲ್ಲ. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದುದು 1965ರಲ್ಲಿ. ಅದರಲ್ಲಿ ವಿನಾಯಿತಿಗಳೂ ಸಂದುಗಳೂ ಹಲವು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವನು ಅವುಗಳ ಒಡೆತನಕ್ಕಾಗಿ ಭೂ ನ್ಯಾಯಮಂಡಲಿಯ ಮುಂದೆ ಅರ್ಜಿ ಹಾಕಿಕೊಳ್ಳುವಂತಾಯಿತು. ಎಲ್ಲರಿಗೂ ಜಮೀನು ದೊರೆಯಿತೆಂದಲ್ಲ. ಗೇಣಿಯ ಕರಾರು ಬಾಯಿಮಾತಿನಲ್ಲೇ ಇದ್ದಲ್ಲಿ ಅದನ್ನು ಸಿದ್ಧಪಡಿಸುವ ಕಷ್ಟ ಒಕ್ಕಲಿನದೇ ಆಯಿತು. ಕೂಲಿಗೆ ಉತ್ತವನಿಗಂತೂ ಅರ್ಜಿ ಹಾಕುವ ಅವಕಾಶವೇ ಇರಲಿಲ್ಲ. 'ಉಳುವವನು' ಎಂಬ ಶಬ್ದದ ಕೆಳಗೂ ಇಬ್ಬರು ನಿಂತಿದ್ದರೆಂದು ಕಾಣುತ್ತದೆ.

1830ರ ಕೂಟವನ್ನು ಕುರಿತು ನಮಗಿರುವ ಆಧಾರಗಳಲ್ಲಿ ಹೆಚ್ಚಿನವು ಅದನ್ನು ಅಡಗಿಸಿದವರು ಬರೆದವು. 1974ರ ಸಂಗತಿ ಬೇರೆ. 'ಫಾರಂ ನಂಬರ್ 7' ಎಂದು ಮಲೆನಾಡಿನ ಮನೆಮನೆಗೂ ಪರಿಚಿತವಾದ ಅರ್ಜಿಯಲ್ಲಿ ಗೇಣಿದಾರನು ತಾನು ಉಳುವ ಸರ್ವೆ ನಂಬರನ್ನೂ ವಿಸ್ತೀರ್ಣವನ್ನೂ ಧಣಿಯ ಹೆಸರನ್ನೂ ಬರೆಸಿ, ಕೆಳಗೆ ತನ್ನ ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಿದನು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳ ಈ ಅರ್ಜಿಗಳನ್ನೂ ಅವುಗಳ ಮೇಲಣ ತೀರ್ಮಾನಗಳನ್ನೂ ಗ್ರಾಮವಾರಾಗಿ ಓದಿ, ಹಳೆಯ ಕಂದಾಯದ ಲೆಕ್ಕಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಒಂದು ಹೋಬಳಿಯಿಂದ ಆರಂಭಿಸಿದರೂ ಸಾಕು.