ಮುಪ್ಪಿನ ಪ್ರಾಣಿ ಮತ್ತು ಒಡೆಯನ ಹೊಣೆ: ಕೆಲವು ಐತಿಹಾಸಿಕ ಆಧಾರಗಳ ವಿವೇಚನೆ

೧

ಪ್ರಾಣಿಗಳನ್ನು ಪಳಗಿಸಿದ ಇತಿಹಾಸವನ್ನು ವಿವೇಚಿಸುವಾಗ ವಿದ್ವಾಂಸರ ದೃಷ್ಟಿ ಹೆಚ್ಚಾಗಿ ಆ ಸಂಬಂಧದ ಮೊದಲಿನ ಕಡೆಗೆ ಹರಿಯುತ್ತದೆ. ಯಾವ ಪ್ರಾಣಿ ಯಾವ ಕಾಲದಲ್ಲಿ ಯಾವ ಪ್ರಯೋಜನಕ್ಕಾಗಿ ಮನುಷ್ಯನ ಅಂಗಳಕ್ಕೆ ಬಂದಿತು ಎಂಬ ಪ್ರಶ್ನೆಗೆ ಬಹುಮಂದಿ ಉತ್ತರವನ್ನು ಹುಡುಕಿದ್ದಾರೆ. ಆ ಸಂಬಂಧದ ಕೊನೆ ಹೇಗಾಯಿತೆಂಬ ಪ್ರಶ್ನೆ ಅಷ್ಟಾಗಿ ಎದ್ದಿಲ್ಲ. ಎತ್ತು ಉಳಲಾರದೆ ಹೋದಾಗ, ಹಸು ಗೊಡ್ಡಾದಾಗ, ಬೇಟೆಯ ನಾಯಿಯ ಹಲ್ಲು ಉದುರಿದಾಗ, ಅದುವರೆಗೆ ಅದನ್ನು ಸಾಕಿದವನ ಹೊಣೆ ಮುಗಿಯಿತೆ, ಇಲ್ಲವೆ ಮುಂದಕ್ಕೂ ಉಳಿಯಿತೆ? ಈ ಪ್ರಶ್ನೆಯನ್ನು ನಮ್ಮ ಹಿಂದಿನವರು ಹೇಗೆ ಎದುರಿಸಿದರೆಂಬುದನ್ನು ಕೆಲವು ಆಧಾರಗಳಿಂದ ತಿಳಿಯಲು ಯತ್ನಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಶ್ನೆ ಹಳೆಯದಾದರೂ ಅದರ ಅಗತ್ಯ ಇಂದಿನದು. ಮರಿಯಾಗಿದ್ದಾಗ ಬೆಲೆ ಕೊಟ್ಟು ಮುದ್ದಿನಿಂದ ತಂದ ನಾಯಿಯನ್ನು, ಅದಕ್ಕೆ ಕಣ್ಣು ಮಂಜಾಗಿ ಕಾಲು ಸೋತ ಮೇಲೆ, ಪರಿಚಯವಿಲ್ಲದ ಬೀದಿಯಲ್ಲಿ ಬಿಟ್ಟುಬರುವುದು, ಆಶ್ರಯಧಾಮದ ಬಾಗಿಲಲ್ಲಿ ಕಟ್ಟಿಹೋಗುವುದು ನಮ್ಮ ನಗರಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಇದನ್ನು ಹೊಸ ಕಾಲದ ಕೇಡೆಂದು ಹಳಿದು, ಹಿಂದಿನವರೆಲ್ಲರೂ ದಯಾಪರರಾಗಿದ್ದರೆಂದು ತೃಪ್ತಿಪಡುವುದು ಸುಲಭ. ಆದರೆ ಆಧಾರಗಳು ಅಷ್ಟು ಸರಳವಾದ ತೀರ್ಪಿಗೆ ಎಡೆಗೊಡುವುದಿಲ್ಲ.

೨

ಕನ್ನಡ ನಾಡಿನಲ್ಲಿ ಸಾಕುಪ್ರಾಣಿಯ ವಿಷಯ ಬಂದಾಗ ಮೊದಲು ನೆನಪಾಗುವುದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಈ ಕಲ್ಲು ಶಕವರ್ಷ ೮೭೨ರ, ಎಂದರೆ ಕ್ರಿ.ಶ. ೯೪೯-೫೦ರ ಕಾಲದ್ದು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಹೋರಾಡಿದುದು, ಚೋಳ ರಾಜಾದಿತ್ಯನು ಹತನಾದುದು ಇದರಿಂದ ತಿಳಿಯುವುದರಿಂದ ಇತಿಹಾಸಕಾರರು ಇದನ್ನು ಬಹುವಾಗಿ ಬಳಸಿಕೊಂಡಿದ್ದಾರೆ. ಆದರೆ ಕಲ್ಲನ್ನು ನಿಲ್ಲಿಸಿದುದು ರಾಜಾದಿತ್ಯನ ಸೋಲಿಗಾಗಿಯೂ ಅಲ್ಲ, ಬೂತುಗನ ಗೆಲುವಿಗಾಗಿಯೂ ಅಲ್ಲ, ಒಂದು ನಾಯಿಗಾಗಿ.

ಬೂತುಗನ ಆಳಾದ ಮಣಲೆರನೆಂಬ ವೀರನ ಶೌರ್ಯಕ್ಕೆ ಮೆಚ್ಚಿ ಒಡೆಯನು ವರವನ್ನು ಬೇಡೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಬಳಿಕ ಕೆಲಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಕೆಡಿಸುವ ಒಕ್ಕಲಿಗನಿಗೂ ಊರನ್ನು ಅಥವಾ ನಾಡನ್ನು ಆಳುವವನಿಗೂ, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೂ, ಆ ನಾಯಿ ಮಾಡಿದ ಪಾಪ ತಟ್ಟಲೆಂದು ಶಾಸನ ವಿಧಿಸುತ್ತದೆ. ಕಲ್ಲಿನ ಮೇಲುಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ.

ಈ ಶಾಸನವನ್ನು ಪ್ರಾಣಿಪ್ರೇಮದ ಸಾಕ್ಷಿಯೆಂದು ಎತ್ತಿಹೇಳುವುದು ವಾಡಿಕೆಯಾಗಿದೆ. ಅದು ತಪ್ಪೂ ಅಲ್ಲ. ಆದರೂ ಒಂದು ಅಂಶವನ್ನು ಗಮನಿಸಬೇಕು. ಕಾಳಿ ಸತ್ತದ್ದು ಬಲವಿದ್ದಾಗ, ಒಡೆಯನ ಕೆಲಸದಲ್ಲಿ, ಒಡೆಯನ ಕಣ್ಣೆದುರಿನಲ್ಲಿ. ಅದಕ್ಕೆ ಸಂದ ಮರ್ಯಾದೆ ತುರುಗೋಳಿನಲ್ಲಿ ಮಡಿದ ವೀರನಿಗೆ ಸಲ್ಲುವ ಮರ್ಯಾದೆಯ ಜಾತಿಗೆ ಸೇರಿದ್ದು. ವೀರಗಲ್ಲು ಸಾವನ್ನು ಗೌರವಿಸುತ್ತದೆ. ಮುಪ್ಪನ್ನು ಅದು ಅರಿಯದು. ಅದೇ ಕಾಳಿ ಹಂದಿಯನ್ನು ಗೆದ್ದು ಬದುಕಿ, ಇನ್ನೂ ಆರೇಳು ವರ್ಷ ಕಳೆದು, ಕುಂಟುತ್ತ ಮಣಲೆರನ ಬಾಗಿಲಲ್ಲಿ ಮಲಗಿದ್ದರೆ ಅದರ ಗತಿ ಏನಾಗುತ್ತಿತ್ತೆಂಬುದಕ್ಕೆ ಶಾಸನದಲ್ಲಿ ಉತ್ತರವಿಲ್ಲ. ಅದನ್ನು ಅಲ್ಲಿ ನಿರೀಕ್ಷಿಸುವುದೂ ಸಲ್ಲದು. ನಮ್ಮ ಪ್ರಶ್ನೆಗೆ ಉತ್ತರವನ್ನು ಬೇರೆ ಬಗೆಯ ಆಧಾರಗಳಲ್ಲಿ ಹುಡುಕಬೇಕಾಗುತ್ತದೆ.

೩

ಅಂತಹ ಆಧಾರಗಳಲ್ಲಿ ಪ್ರಾಚೀನವಾದುದು ಕಠೋಪನಿಷತ್ತಿನ ಆರಂಭದ ಪ್ರಸಂಗ. ವಾಜಶ್ರವಸನು ಸರ್ವಸ್ವವನ್ನೂ ದಾನಮಾಡುವ ಯಾಗವನ್ನು ಕೈಕೊಂಡು, ಇನ್ನು ಹಾಲನ್ನೂ ಕರುವನ್ನೂ ಕೊಡಲಾರದ, ಮೇವು ನೀರುಗಳ ಕಾಲವನ್ನೇ ಮುಗಿಸಿಕೊಂಡ ಮುದಿ ಹಸುಗಳನ್ನು ದಾನಕ್ಕೆ ಹೊರಡಿಸುತ್ತಾನೆ. ಇದನ್ನು ಕಂಡ ಮಗ ನಚಿಕೇತನ ಮನಸ್ಸಿನಲ್ಲಿ ಶ್ರದ್ಧೆ ಹುಟ್ಟುತ್ತದೆ. ಇಂತಹ ದಾನವನ್ನು ಕೊಡುವವನು ಆನಂದವಿಲ್ಲದ ಲೋಕಗಳಿಗೆ ಹೋಗುವನೆಂದು ಅವನು ಚಿಂತಿಸುತ್ತಾನೆ. ವ್ಯಾಖ್ಯಾನಕಾರರು ಈ ಭಾಗವನ್ನು ದಾನದ ಶುದ್ಧಿಯ ದೃಷ್ಟಿಯಿಂದ ನೋಡುತ್ತಾರೆ. ಸಮಾಜದ ಇತಿಹಾಸವನ್ನು ಹುಡುಕುವವನಿಗೆ ಇಲ್ಲಿ ಇನ್ನೊಂದು ಅರ್ಥವೂ ತೋರುತ್ತದೆ. ಸಾಕಲು ಬೇಡವಾದ ಪ್ರಾಣಿಯನ್ನು ಪುಣ್ಯಕಾರ್ಯದ ಹೆಸರಿನಲ್ಲಿ ಇನ್ನೊಬ್ಬನ ಕೈಗೆ ದಾಟಿಸುವ ಉಪಾಯ ಆ ಕಾಲಕ್ಕೇ ತಿಳಿದಿತ್ತು. ಅದರಲ್ಲಿರುವ ವಂಚನೆಯನ್ನು ಗುರುತಿಸುವ ಕಣ್ಣೂ ಇತ್ತು.

ಉಪನಿಷತ್ತು ನೀತಿಯ ಮಾತಾದರೆ ಕೌಟಿಲೀಯ ಅರ್ಥಶಾಸ್ತ್ರ ಆಡಳಿತದ ಮಾತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ಗೋಅಧ್ಯಕ್ಷ, ಅಶ್ವಾಧ್ಯಕ್ಷ ಮೊದಲಾದ ಅಧಿಕಾರಿಗಳ ಕರ್ತವ್ಯಗಳು ನಿರೂಪಿತವಾಗಿವೆ. ಎಳೆಯವು, ಮುದಿಯವು, ರೋಗಪೀಡಿತವು ಎಂಬ ಮೂರು ಬಗೆಯ ದನಗಳಿಗೂ ಗೋಪಾಲಕರು ಉಪಚಾರ ಮಾಡಬೇಕೆಂದು ಅಲ್ಲಿ ವಿಧಿಯಿದೆ. ರೋಗದಿಂದಲೋ ಅಂಗವೈಕಲ್ಯದಿಂದಲೋ ಬೇಡವಾಗಿ ಬಿಟ್ಟ ದನಗಳ ಹಿಂಡನ್ನು ಪಾಲಿಗೆ ವಹಿಸಿಕೊಡುವ ಏರ್ಪಾಡಿಗೆ ಪ್ರತ್ಯೇಕವಾದ ಹೆಸರೇ ಇದೆ. ಇನ್ನೂ ಗಮನಾರ್ಹವಾದುದು ಕುದುರೆಗಳ ವಿಷಯ. ಯುದ್ಧ, ರೋಗ, ಮುಪ್ಪು ಇವುಗಳಿಂದ ಕೆಲಸಕ್ಕೆ ಬಾರದಾದ ಕುದುರೆಗಳಿಗೆ ಜೀವಧಾರಣೆಗೆ ತಕ್ಕ ಆಹಾರ ಸಲ್ಲಬೇಕೆಂದು ಗ್ರಂಥಕಾರನು ಹೇಳುತ್ತಾನೆ.

ಅರ್ಥಶಾಸ್ತ್ರದ ಕಾಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಅದರ ವಿಧಿಗಳೆಲ್ಲ ಆಚರಣೆಯಲ್ಲಿದ್ದುವೆಂದು ಊಹಿಸಲೂ ಆಗದು. ಆದರೂ ಪ್ರತಿಯೊಂದು ವೆಚ್ಚವನ್ನೂ ಲೆಕ್ಕವಿಟ್ಟು ನೋಡುವ, ದಯೆಗಿಂತ ಬೊಕ್ಕಸವನ್ನು ಮುಂದಿಡುವ ಶಾಸ್ತ್ರವೊಂದು ಮುದಿ ಕುದುರೆಯ ಮೇವನ್ನು ವೆಚ್ಚದ ಬಾಬಿನಲ್ಲಿ ಸೇರಿಸಿರುವುದು ಸಾಮಾನ್ಯವಾದ ಮಾತಲ್ಲ. ಇಲ್ಲಿ ಮುಪ್ಪಿನ ಪೋಷಣೆ ಭಿಕ್ಷೆಯಲ್ಲ, ಮಾಡಿದ ಸೇವೆಯಿಂದ ಉಳಿದ ಬಾಕಿ.

ಕನ್ನಡದಲ್ಲಿಯೂ ಈ ಕಾಳಜಿಯ ಒಂದು ಮುಖ ಕಾಣುತ್ತದೆ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ರಾಜವಂಶದವನೊಬ್ಬನು ದನಗಳ ರೋಗವನ್ನು ಕನ್ನಡದಲ್ಲಿ ಶಾಸ್ತ್ರವಾಗಿ ಬರೆಯಲು ತೊಡಗಿದುದು ಗೌರವಿಸತಕ್ಕ ವಿಷಯ. ಅದೇ ಶತಮಾನದ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ನಾಯಿಯ ವಿಷಯ ಬರುವುದು ಅರಸನ ವಿನೋದಗಳ ಪ್ರಕರಣದಲ್ಲಿ. ದನ ಜೀವನಾಧಾರ, ನಾಯಿ ವಿನೋದ. ಈ ಎರಡು ಬಗೆಯ ನೋಟಗಳು ಒಂದೇ ಶತಮಾನದಲ್ಲಿ, ಒಂದೇ ಅರಸುಮನೆತನದಲ್ಲಿ ಅಕ್ಕಪಕ್ಕದಲ್ಲಿದ್ದುವು.

೪

ನಾಯಿಯನ್ನು ಕುರಿತು ಈ ದೃಷ್ಟಿಯನ್ನು ಮೀರಿದ ಪ್ರಸಂಗ ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದ್ದು. ಕುಮಾರವ್ಯಾಸನು ಗದಾಪರ್ವದವರೆಗೆ ಮಾತ್ರ ಹಾಡಿದುದರಿಂದ ಈ ಭಾಗ ಅವನ ಕಾವ್ಯದಲ್ಲಿಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಕನ್ನಡಕ್ಕೆ ತಂದನು. ಕಥೆ ಎಲ್ಲರಿಗೂ ತಿಳಿದದ್ದು. ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ರಥವನ್ನೇರೆಂದು ಇಂದ್ರನು ಹೇಳಿದಾಗ, ತನ್ನನ್ನು ನಂಬಿದುದನ್ನು ಬಿಡುವುದು ಮಹಾಪಾತಕವೆಂದು ಧರ್ಮರಾಯನು ಸ್ವರ್ಗವನ್ನೇ ನಿರಾಕರಿಸುತ್ತಾನೆ.

ಈ ಸಂವಾದದಲ್ಲಿ ವಾದದ ನೆಲೆಯನ್ನು ಗಮನಿಸಬೇಕು. ನಾಯಿ ಧರ್ಮರಾಯನಿಗೆ ಯಾವ ಉಪಕಾರವನ್ನೂ ಮಾಡಿರಲಿಲ್ಲ. ಬೇಟೆಯಾಡಿರಲಿಲ್ಲ, ಮನೆಯನ್ನು ಕಾದಿರಲಿಲ್ಲ. ಅವನು ಅದನ್ನು ಕರೆದಿರಲೂ ಇಲ್ಲ. ನಂಬಿ ಜೊತೆಯಲ್ಲಿ ಬಂದಿತೆಂಬುದೊಂದೇ ಅದರ ಹಕ್ಕು. ಅರ್ಥಶಾಸ್ತ್ರದಲ್ಲಿ ಹೊಣೆ ಹುಟ್ಟುವುದು ಸೇವೆಯಿಂದ. ಇಲ್ಲಿ ಅದು ಹುಟ್ಟುವುದು ನಂಬಿಕೆಯಿಂದ. ಸೇವೆಗೆ ಕೊನೆಯುಂಟು, ನಂಬಿಕೆಗೆ ಸಾವಿನವರೆಗೆ ಕೊನೆಯಿಲ್ಲ. ಮನೆಯಲ್ಲಿ ಮುದ್ದಿಗಾಗಿಯೇ ಸಾಕುವ ಪ್ರಾಣಿಗೆ ಅನ್ವಯಿಸತಕ್ಕ ತತ್ತ್ವ ಈ ಎರಡನೆಯದು; ಏಕೆಂದರೆ ಅಂತಹ ಪ್ರಾಣಿಯಿಂದ ನಾವು ಪಡೆಯುವುದು ನಂಬಿಕೆಯನ್ನಲ್ಲದೆ ಬೇರೇನನ್ನೂ ಅಲ್ಲ.

೫

ತತ್ತ್ವದಿಂದ ಸಂಸ್ಥೆಗೆ ಬಂದರೆ, ಮುದಿ ಪ್ರಾಣಿಗಳಿಗಾಗಿ ಭಾರತದಲ್ಲಿ ಬೆಳೆದುಬಂದ ಮುಖ್ಯ ವ್ಯವಸ್ಥೆ ಪಿಂಜರಾಪೋಲ್. ಜೈನ ಮತ್ತು ವೈಷ್ಣವ ವರ್ತಕರು ಪ್ರಬಲರಾಗಿದ್ದ ಗುಜರಾತಿನಲ್ಲಿ ಇದು ವಿಶೇಷವಾಗಿ ರೂಢಿಯಲ್ಲಿತ್ತು. ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್ ಖಂಬಾಯತದಲ್ಲಿ ಕುಂಟುನಾಯಿ, ಬೆಕ್ಕು, ಹಕ್ಕಿಗಳಿಗೆ ಆಸ್ಪತ್ರೆಗಳಿದ್ದುದನ್ನು ಹೇಳುತ್ತಾನೆ. ೧೬೨೩ರಲ್ಲಿ ಅದೇ ಊರನ್ನು ನೋಡಿ, ಆ ವರ್ಷವೇ ನಮ್ಮ ಇಕ್ಕೇರಿಗೂ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, ಹಕ್ಕಿಗಳ ಆಸ್ಪತ್ರೆಯನ್ನೂ ಆಡು, ಕುರಿ, ದನಗಳ ಆಶ್ರಯಸ್ಥಾನವನ್ನೂ ವರ್ಣಿಸಿದ್ದಾನೆ. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಿದುದರ ವಿರುದ್ಧ ೧೮೩೨ರಲ್ಲಿ ಪಾರಸಿಗಳು ಗಲಭೆಯೆಬ್ಬಿಸಿದರು. ಎರಡು ವರ್ಷಗಳ ಅನಂತರ, ೧೮೩೪ರಲ್ಲಿ, ಜಮಶೇಟಜಿ ಜೀಜೀಭಾಯಿ ಮತ್ತು ಮೋತಿಚಂದ್ ಅಮೀಚಂದರು ಅಲ್ಲಿ ಪಿಂಜರಾಪೋಲನ್ನು ಸ್ಥಾಪಿಸಿದರು. ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನ ಪಿಂಜರಾಪೋಲ್ ಈ ಪರಂಪರೆಗೇ ಸೇರಿದ್ದು.

ಈ ಸಂಸ್ಥೆಗಳು ಉಳಿಸಿದ ಜೀವಗಳು ಅಸಂಖ್ಯಾತ. ಆದರೆ ಇವುಗಳಲ್ಲಿ ಒಂದು ದ್ವಂದ್ವವೂ ಇದೆ. ಸಮುದಾಯವು ಧರ್ಮಕ್ಕಾಗಿ ಹೊತ್ತ ಭಾರ, ವ್ಯಕ್ತಿಗೆ ತನ್ನ ಭಾರವನ್ನು ಇಳಿಸಿಕೊಳ್ಳುವ ಅನುಕೂಲವಾಗಿಯೂ ಪರಿಣಮಿಸಬಲ್ಲದು. ಅಷ್ಟಿಷ್ಟು ಕಾಣಿಕೆ ಕೊಟ್ಟು ಮುದಿ ಪ್ರಾಣಿಯನ್ನು ಒಳಕ್ಕೆ ಬಿಟ್ಟು ಬಂದವನಿಗೆ ಪುಣ್ಯವೂ ಉಂಟು, ಬಿಡುಗಡೆಯೂ ಉಂಟು. ಬರಗಾಲದಲ್ಲಿ ಮೇವಿಲ್ಲದ ರೈತನು ಹೀಗೆ ಮಾಡುವುದು ಬೇರೆ. ಉಳ್ಳವನು ಬೇಸರದಿಂದ ಮಾಡುವುದು ಬೇರೆ. ವಾಜಶ್ರವಸನ ದಾನಕ್ಕೂ ಈ ಎರಡನೆಯದಕ್ಕೂ ಇರುವ ಅಂತರ ಬಹಳ ಚಿಕ್ಕದು.

೬

ಒಡೆಯನ ವೈಯಕ್ತಿಕ ಹೊಣೆಯನ್ನು ಭಾರತದ ಕಾನೂನು ಸ್ಪಷ್ಟವಾದ ಮಾತುಗಳಲ್ಲಿ ಹಿಡಿದುದು ೧೯೬೦ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮದಲ್ಲಿ. ೧೯೫೨ರಲ್ಲಿ ರಾಜ್ಯಸಭೆಗೆ ನಾಮಕರಣ ಹೊಂದಿದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ಮಂಡಿಸಿದ ಖಾಸಗಿ ಮಸೂದೆಯನ್ನು, ಸರಕಾರವೇ ಕಾನೂನನ್ನು ತರುವುದೆಂದು ಪ್ರಧಾನಿ ನೆಹರೂ ಅವರು ಭರವಸೆ ಕೊಟ್ಟ ಮೇಲೆ ಹಿಂದಕ್ಕೆ ಪಡೆದಿದ್ದರು. ಅದರ ಫಲವೇ ಈ ಅಧಿನಿಯಮ. ಸಕಾರಣವಿಲ್ಲದೆ, ಹಸಿವು ಬಾಯಾರಿಕೆಗಳಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಪ್ರಾಣಿಯನ್ನು ತ್ಯಜಿಸುವುದು ಅದರ ಹನ್ನೊಂದನೆಯ ಪ್ರಕರಣದಂತೆ ಅಪರಾಧ. ರೋಗಿಯೋ ಅಶಕ್ತವೋ ಆದ ತನ್ನ ಪ್ರಾಣಿ ಬೀದಿಯಲ್ಲಿ ಸಾಯುವಂತೆ ಬಿಡುವುದೂ ಅಪರಾಧ. ಬ್ರಿಟಿಷ್ ಪಾರ್ಲಿಮೆಂಟು ಪ್ರಾಣಿಗಳ ಪರಿತ್ಯಾಗವನ್ನು ಕುರಿತೇ ಪ್ರತ್ಯೇಕ ಕಾನೂನನ್ನು ಮಾಡಿದುದು ಅದೇ ೧೯೬೦ರಲ್ಲಿ. ನಮ್ಮಲ್ಲಿ ೧೯೭೬ರ ನಲವತ್ತೆರಡನೆಯ ತಿದ್ದುಪಡಿ ಜೀವಿಗಳಲ್ಲಿ ದಯೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು.

ಕಾನೂನಿನ ಮಾತು ಗಟ್ಟಿಯಾದರೂ ಅದರ ಕೈ ಸಡಿಲ. ಮೊದಲನೆಯ ಅಪರಾಧಕ್ಕೆ ವಿಧಿಸಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂದಿನ ಬೆಲೆಯಲ್ಲಿ ನಾಯಿಯ ಒಂದು ದಿನದ ಊಟಕ್ಕೂ ಅದು ಸಾಲದು. ರಾತ್ರಿ ಬೀದಿಯಲ್ಲಿ ಇಳಿಸಿಹೋದ ಪ್ರಾಣಿ ತನ್ನ ಒಡೆಯನ ಹೆಸರನ್ನು ಹೇಳಲಾರದು.

ಸರಕಾರದ ನಡತೆಯೂ ಎಲ್ಲ ಕಾಲದಲ್ಲಿ ಆದರ್ಶವಾಗಿರಲಿಲ್ಲ. ಸೇವೆಗೆ ಅನರ್ಹವಾದ ಸೈನ್ಯದ ನಾಯಿಗಳಿಗೆ ದಯಾಮರಣವನ್ನು ಕೊಡುವ ಪದ್ಧತಿ ಇದ್ದುದು ೨೦೧೫ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಬಹಿರಂಗವಾಯಿತು. ವಿಷಯ ನ್ಯಾಯಾಲಯಕ್ಕೂ ಹೋಯಿತು. ಅನಂತರ ನಿವೃತ್ತ ನಾಯಿಗಳನ್ನು ಸಾಕಲೊಪ್ಪಿದವರಿಗೆ ಕೊಡುವ ಕ್ರಮ ಬಂದಿದೆ. ಮುದಿ ಕುದುರೆಗೆ ಮೇವನ್ನು ವಿಧಿಸಿದ ಅರ್ಥಶಾಸ್ತ್ರದ ನೆಲೆಗೆ ನಾವು ಹೀಗೆ ಸುತ್ತಿ ಬಳಸಿ ಬಂದಿದ್ದೇವೆ.

೭

ಈವರೆಗೆ ನೋಡಿದ ಆಧಾರಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಮುದಿ ಪ್ರಾಣಿಯನ್ನು ಕೈಬಿಡುವ ಪ್ರವೃತ್ತಿ ಹೊಸದಲ್ಲ. ಅದನ್ನು ಖಂಡಿಸುವ ದನಿಯೂ ಹೊಸದಲ್ಲ. ಎರಡನೆಯದಾಗಿ, ಹೊಣೆಗೆ ನಮ್ಮವರು ಎರಡು ಆಧಾರಗಳನ್ನು ಕಂಡಿದ್ದರು: ಮಾಡಿದ ಸೇವೆ ಮತ್ತು ಇಟ್ಟ ನಂಬಿಕೆ. ಮೂರನೆಯದಾಗಿ, ದಾನವಾಗಲಿ ಆಶ್ರಯಧಾಮವಾಗಲಿ ಒಡೆಯನ ಹೊಣೆಗೆ ನೆರವಾಗಬಲ್ಲುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಹಿಂದೆ ಇಲ್ಲದಿದ್ದ ಒಂದು ಸ್ಥಿತಿ ಮಾತ್ರ ಇಂದು ಒದಗಿದೆ. ಹಳ್ಳಿಯ ನಾಯಿ ಒಂದು ಮನೆಯದಾಗಿದ್ದರೂ ಊರಿನದೂ ಆಗಿತ್ತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ತುತ್ತು ಸಿಗುತ್ತಿತ್ತು. ಮಹಡಿಯ ಮನೆಯ ನಾಲ್ಕು ಗೋಡೆಗಳ ನಡುವೆ, ಒಂದೇ ಕುಟುಂಬದ ಕೈಯಿಂದ ಉಂಡು ಬೆಳೆದ ನಾಯಿಗೆ ಬೀದಿಯ ಬದುಕು ತಿಳಿಯದು. ಅದರ ಆಯುಸ್ಸು ಸುಮಾರು ಹತ್ತರಿಂದ ಹದಿಮೂರು ವರ್ಷ. ಕೊನೆಯ ಎರಡು ಮೂರು ವರ್ಷಗಳಲ್ಲಿ ಅದಕ್ಕೆ ಔಷಧವೂ ಆಸರೆಯೂ ಬೇಕಾಗುವುದೆಂಬುದು ಮರಿಯನ್ನು ತರುವ ದಿನವೇ ತಿಳಿದಿರುವ ಸಂಗತಿ. ಆದುದರಿಂದ ಸಾಕುವೆನೆಂಬ ನಿರ್ಧಾರದಲ್ಲಿಯೇ ಆ ವರ್ಷಗಳೂ ಸೇರಿರುತ್ತವೆ. ಅವುಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಒಪ್ಪಿಕೊಳ್ಳುವುದು ಸಾಧ್ಯವಿಲ್ಲ.

ಕಾಳಿಯ ಕಲ್ಲು ಸಾವಿರ ವರ್ಷಗಳನ್ನು ಮೀರಿ ಉಳಿದಿದೆ. ಅದು ಉಳಿದುದು ನಮ್ಮ ಭಾಗ್ಯ. ಮನೆಯ ಮೂಲೆಯಲ್ಲಿ ಮುಪ್ಪನ್ನು ಕಳೆದು, ಸಾಕಿದವರ ಕೈಯಿಂದಲೇ ಕೊನೆಯ ನೀರನ್ನು ಕುಡಿದ ಪ್ರಾಣಿಗಳಿಗೆ ಯಾರೂ ಕಲ್ಲನ್ನು ನಿಲ್ಲಿಸಲಿಲ್ಲ, ಭೂಮಿಯನ್ನು ಬಿಡಲಿಲ್ಲ. ಶಾಸನಗಳನ್ನು ಓದುವವನು ಕಲ್ಲಿನ ಮೇಲೆ ಬರೆಯದೆ ಉಳಿದ ಈ ನಡತೆಯನ್ನೂ ಇತಿಹಾಸದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.