ಟ್ರೆಕ್ಕಿ ಅಲ್ಲ, ಟ್ರೆಕ್ಕರ್ ಎನ್ನಿ!

ನ್ಯೂಯಾರ್ಕಿನಲ್ಲಿ 1967ರಲ್ಲಿ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ಸೇರಿತ್ತು. ಅದು 25ನೆಯದು. ಪುಸ್ತಕ, ಪತ್ರಿಕೆಗಳನ್ನು ಹಿಡಿದು ಓಡಾಡುತ್ತಿದ್ದ ಹಳಬರ ನಡುವೆ ಆ ಸಲ ಒಂದಿಷ್ಟು ಹೊಸ ಮುಖಗಳು ಕಾಣಿಸಿದವು. ಅವರಲ್ಲಿ ಕೆಲವರ ಕಿವಿಗಳು ಮಾತ್ರ ಚೂಪಾಗಿದ್ದವು! ಹಿಂದಿನ ವರ್ಷವಷ್ಟೇ ಎನ್‌ಬಿಸಿ ಟೆಲಿವಿಷನ್‌ನಲ್ಲಿ ಆರಂಭವಾಗಿದ್ದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಸ್ಪಾಕ್ ಎಂಬ ಪಾತ್ರದ ಕಿವಿಗಳ ನಕಲು ಅವು. ಇವರನ್ನು ಕಂಡ ಆರ್ಥರ್ ಸಾಹಾ ಎಂಬ ಹಳೆಯ ಅಭಿಮಾನಿ, 'ಟಿವಿ ಗೈಡ್' ಪತ್ರಿಕೆಗಾಗಿ ಬಂದಿದ್ದ ಪೀಟ್ ಹ್ಯಾಮಿಲ್ ಎಂಬ ವರದಿಗಾರನೊಂದಿಗೆ ಮಾತನಾಡುತ್ತ ಅವರನ್ನು 'ಟ್ರೆಕ್ಕಿ'ಗಳು ಎಂದುಬಿಟ್ಟರು. (ಸಾಹಾ ಎಂಬ ಹೆಸರು ಕೇಳಿದರೆ ಬಂಗಾಳಿ ಎನಿಸೀತು, ಆತ ಅಮೆರಿಕದವರೇ.)

ಮಾತಿನ ಭರದಲ್ಲಿ ಬಂದ ಆ ಪದದ ಸುತ್ತ ಮುಂದೆ ಮೂರು ದಶಕ ಜಗಳ ನಡೆಯಿತು. ಹೊರಗಿನವರಿಗೆ ಇದು ನಗೆಪಾಟಲಿನ ವಿಷಯ. ಆದರೆ ಒಂದು ಗುಂಪಿಗೆ ಹೆಸರಿಡುವ ಹಕ್ಕು ಯಾರದು, ಗುಂಪಿನೊಳಗಿನವರದೋ, ದೂರ ನಿಂತು ನೋಡುವವರದೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಹಾಗೆ ನೋಡಿದರೆ 'ಫ್ಯಾನ್' ಎಂಬ ಪದದಲ್ಲೇ ಗೊಂದಲವಿದೆ. 'ಫೆನಟಿಕ್' ಎಂಬುದರ ಮೊಟಕು ರೂಪವದು. ಅದರ ಮೂಲ ಲ್ಯಾಟಿನ್ನಿನ 'ಫಾನುಂ', ಎಂದರೆ ಗುಡಿ. ದೇವರು ಮೈಮೇಲೆ ಬಂದವನಂತೆ ಆಡುವವನು ಫೆನಟಿಕ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಈ ಮೊಟಕು ಪದ ಬಳಕೆಗೆ ಬಂತು. ಕನ್ನಡದ ಪದ ಇದಕ್ಕಿಂತ ಉದಾರವಾದದ್ದು. 'ಅಭಿಮಾನಿ'ಯಲ್ಲಿ ಮಾನವಿದೆ. ತನ್ನ ಮೇಲಿನ ಗೌರವಕ್ಕೂ ಇನ್ನೊಬ್ಬರ ಮೇಲಿನ ಮೆಚ್ಚುಗೆಗೂ ನಮ್ಮಲ್ಲಿ ಒಂದೇ ಪದ. ಅಮೆರಿಕದ ವಿಜ್ಞಾನ ಕಥಾಪ್ರಿಯರು ಇಷ್ಟು ವರ್ಷ ಹುಡುಕಾಡಿದ್ದು ಬಹುಶಃ ಇಂಥದೊಂದು ಪದಕ್ಕಾಗಿಯೇ.

ಈ ಹುಡುಕಾಟ ಶುರುವಾದದ್ದು ಸ್ಟಾರ್ ಟ್ರೆಕ್‌ಗಿಂತ ನಾಲ್ಕು ದಶಕ ಮೊದಲು. ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬ ಪ್ರಕಾಶಕ 1926ರ ಏಪ್ರಿಲ್‌ನಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಆರಂಭಿಸಿದರು. ಆ ಬಗೆಯ ಕಥೆಗಳಿಗೆ ಆತ ಕೊಟ್ಟ ಹೆಸರು 'ಸೈಂಟಿಫಿಕ್ಷನ್'. ನಾಲಿಗೆ ತೊಡರುವ ಈ ಪದ ಬಹಳ ಕಾಲ ಬಾಳಲಿಲ್ಲ. 1929ರಲ್ಲಿ ಪತ್ರಿಕೆ ಕೈಬಿಟ್ಟುಹೋದ ಮೇಲೆ ಹೊಸ ಪತ್ರಿಕೆ ಹೊರಡಿಸಿದ ಗರ್ನ್ಸ್‌ಬ್ಯಾಕ್ 'ಸೈನ್ಸ್ ಫಿಕ್ಷನ್' ಎನ್ನತೊಡಗಿದರು. ಅದೇ ನಿಂತಿತು.

ಆದರೆ ಗರ್ನ್ಸ್‌ಬ್ಯಾಕ್ ಮಾಡಿದ ಹೆಚ್ಚಿನ ಉಪಕಾರ ಬೇರೆಯದು. ಓದುಗರ ಪತ್ರಗಳನ್ನು ಅವರ ಪೂರ್ತಿ ವಿಳಾಸದೊಂದಿಗೆ ಅಚ್ಚು ಹಾಕಿದ್ದು! ತಮ್ಮ ಊರಿನಲ್ಲಿ ಇಂಥ ಕಥೆ ಓದುವವರು ತಾವೊಬ್ಬರೇ ಎಂದುಕೊಂಡಿದ್ದ ಹುಡುಗರಿಗೆ ಹತ್ತು ಮೈಲಿ ಆಚೆ ಇನ್ನೊಬ್ಬನಿದ್ದಾನೆ ಎಂಬುದು ಗೊತ್ತಾಯಿತು. ಪತ್ರ ವ್ಯವಹಾರ ಬೆಳೆಯಿತು, ಸಂಘಗಳಾದವು. 1930ರಲ್ಲಿ 'ದಿ ಕಾಮೆಟ್' ಎಂಬ ಪುಟ್ಟ ಪತ್ರಿಕೆ ಹೊರಟಿತು. ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಹಂಚುವ ಇಂಥ ಖಾಸಗಿ ಪತ್ರಿಕೆಗಳಿಗೆ 'ಫ್ಯಾನ್‌ಜೀನ್' ಎಂಬ ಹೆಸರು ಕೊಟ್ಟದ್ದು ಲೂಯಿ ರಸೆಲ್ ಶೋವನೆ ಎಂಬ ಅಭಿಮಾನಿ, 1940ರಲ್ಲಿ.

ಹೆಸರಿಡುವ ಚಟ ಅಲ್ಲಿಗೆ ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ 'ಮ್ಯಾನ್' ಎಂಬುದರ ಬಹುವಚನ 'ಮೆನ್' ಆಗುವುದಾದರೆ 'ಫ್ಯಾನ್' ಎಂಬುದರ ಬಹುವಚನ 'ಫೆನ್' ಏಕಾಗಬಾರದು ಎಂದು ವಾದಿಸಿ ಹಾಗೆಯೇ ಬರೆದರು. ಹೊಸದಾಗಿ ಸೇರಿದವನು 'ನಿಯೋಫ್ಯಾನ್'. ಈ ಲೋಕದ ಗಂಧವಿಲ್ಲದ ಉಳಿದೆಲ್ಲರೂ 'ಮಂಡೇನ್'ಗಳು, ಎಂದರೆ ಲೌಕಿಕರು. ತಮ್ಮನ್ನು ತಮಾಷೆ ಮಾಡಿದ ಜಗತ್ತಿನ ಮೇಲೆ ಅವರು ತೀರಿಸಿಕೊಂಡ ಸೇಡಿದು ಎನ್ನಬಹುದು.

ಸೇಡಿನ ಜತೆಗೆ ಒಂದಿಷ್ಟು ಜಂಬವೂ ಇತ್ತು. ಎ. ಇ. ವ್ಯಾನ್ ವೋಟ್ ಅವರ 'ಸ್ಲ್ಯಾನ್' ಕಾದಂಬರಿ 1940ರಲ್ಲಿ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿ ಸ್ಲ್ಯಾನ್‌ಗಳು ಇನ್ನೊಬ್ಬರ ಮನಸ್ಸು ಓದಬಲ್ಲ, ಮಾಮೂಲಿ ಮನುಷ್ಯರಿಗಿಂತ ಬುದ್ಧಿವಂತರಾದ ಜನ. ಆ ಕಾರಣಕ್ಕಾಗಿಯೇ ಬೇಟೆಗೆ ಗುರಿಯಾದವರು. ಶಾಲೆಯಲ್ಲಿ ಮೂದಲಿಕೆ ಉಂಡಿದ್ದ ಓದುಗರಿಗೆ ಇದು ತಮ್ಮದೇ ಕಥೆ ಎನಿಸಿತು. 'ಅಭಿಮಾನಿಗಳೆಂದರೆ ಸ್ಲ್ಯಾನ್‌ಗಳು' ಎಂಬುದು ಘೋಷಣೆಯಾಯಿತು. ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಕೆಲವರು 1943ರಲ್ಲಿ ಒಟ್ಟಿಗೆ ಒಂದು ಮನೆ ಹಿಡಿದು ಅದಕ್ಕೆ 'ಸ್ಲ್ಯಾನ್ ಶ್ಯಾಕ್' ಎಂದು ಹೆಸರಿಟ್ಟರು. ಮುಂದೆ ಅಭಿಮಾನಿಗಳು ಕೂಡಿ ಬಾಳುವ ಮನೆಗಳಿಗೆಲ್ಲ ಅದೇ ಹೆಸರಾಯಿತು.

ತಾವು ಬೇರೆ ಎಂದುಕೊಂಡ ಈ ಜನ ತಮ್ಮತಮ್ಮಲ್ಲಿ ಒಂದಾಗಿದ್ದರೇ? ಅದೂ ಇಲ್ಲ. ಮೊದಲ ವಿಶ್ವ ಸಮ್ಮೇಳನ ನ್ಯೂಯಾರ್ಕಿನಲ್ಲಿ 1939ರ ಜುಲೈನಲ್ಲಿ ನಡೆದಾಗ ಸೇರಿದ್ದವರು ಸುಮಾರು 200 ಜನ. ಲಾಸ್ ಏಂಜಲೀಸ್‌ನಿಂದ ಬಂದಿದ್ದ ಫಾರೆಸ್ಟ್ ಆಕರ್‌ಮನ್ ಭವಿಷ್ಯದ ಮನುಷ್ಯನಂತೆ ಪೋಷಾಕು ಧರಿಸಿದ್ದರು. ಅದನ್ನು ಸಿದ್ಧಪಡಿಸಿದ್ದು ಜತೆಗೆ ಬಂದಿದ್ದ ಮರ್ಟಲ್ ಡಗ್ಲಸ್. ಇಂದು ಊರೂರಿನಲ್ಲಿ ನಡೆಯುವ ವೇಷಧಾರಿಗಳ ಮೇಳಗಳಿಗೆ ಮೂಲ ಇಲ್ಲಿದೆ. ಆದರೆ ಅದೇ ದಿನ ಬಾಗಿಲಲ್ಲಿ ಇನ್ನೊಂದು ನಾಟಕ ನಡೆಯಿತು. 'ಫ್ಯೂಚರಿಯನ್ಸ್' ಎಂದು ಕರೆದುಕೊಳ್ಳುತ್ತಿದ್ದ, ಎಡಪಂಥೀಯ ಒಲವಿನ ಗುಂಪಿನ ಆರು ಮಂದಿಯನ್ನು ಸಂಘಟಕರು ಒಳಗೆ ಬಿಡಲಿಲ್ಲ. ಸಂಘಟಕರ ಗುಂಪಿನ ಹೆಸರು 'ನ್ಯೂ ಫ್ಯಾಂಡಮ್'. ಹೊರಗುಳಿದವರಲ್ಲಿ ಮುಂದೆ ಹೆಸರಾಂತ ಲೇಖಕರಾದ ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲೂತ್, ಹಾಗೂ ಪ್ರಕಾಶಕರಾದ ಡೊನಾಲ್ಡ್ ವೋಲ್‌ಹೈಮ್ ಇದ್ದರು. ಅದೇ ಗುಂಪಿನ ಹತ್ತೊಂಬತ್ತರ ತರುಣ ಐಸಾಕ್ ಅಸಿಮೋವ್‌ಗೆ ಮಾತ್ರ ಪ್ರವೇಶ ಸಿಕ್ಕಿತು! ತಳ್ಳಿಸಿಕೊಂಡ ವೋಲ್‌ಹೈಮ್ ಜತೆಗೇ 1970ರ ದಶಕದಿಂದ ವರ್ಷದ ಅತ್ಯುತ್ತಮ ವಿಜ್ಞಾನ ಕಥೆಗಳ ಸಂಕಲನಗಳನ್ನು ಸಂಪಾದಿಸಿದವರು ಯಾರು? 'ಟ್ರೆಕ್ಕಿ' ಪದ ಹುಟ್ಟಿಸಿದ ಅದೇ ಆರ್ಥರ್ ಸಾಹಾ.

ಆಕರ್‌ಮನ್ ಕೂಡ ಒಂದು ಪದ ಹುಟ್ಟಿಸಿ ಪೇಚಿಗೆ ಸಿಕ್ಕಿದವರು. 1954ರ ಸುಮಾರಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ರೇಡಿಯೊದಲ್ಲಿ 'ಹೈ-ಫೈ' ಎಂಬ ಮಾತು ಕಿವಿಗೆ ಬಿತ್ತಂತೆ. ಅದರ ಪ್ರಾಸಕ್ಕೆ 'ಸೈ-ಫೈ' ಎಂದರಂತೆ. 'ಇದು ನಡೆಯುವ ಮಾತಲ್ಲ, ಮರೆತುಬಿಡಿ' ಎಂಬರ್ಥದಲ್ಲಿ ಹೆಂಡತಿ ಹೇಳಿದರೆಂದು ಆಕರ್‌ಮನ್ ಮುಂದೆ ನಗುತ್ತ ನೆನೆಯುತ್ತಿದ್ದರು. ನಡೆಯಿತು, ಆದರೆ ಹೊರಗಿನವರಲ್ಲಿ. ಪತ್ರಿಕೆಗಳು, ಚಿತ್ರರಂಗ ಅದನ್ನು ಎತ್ತಿಕೊಂಡವು. ಗಂಭೀರ ಓದುಗರು ಮಾತ್ರ ಕಿವಿ ಮುಚ್ಚಿಕೊಂಡರು. ಅವರ ಮಟ್ಟಿಗೆ ಒಳ್ಳೆಯ ಸಾಹಿತ್ಯವೆಂದರೆ 'ಎಸ್.ಎಫ್.' ರಬ್ಬರ್ ರಾಕ್ಷಸರ ಅಗ್ಗದ ಸಿನಿಮಾ 'ಸೈ-ಫೈ'. ಇನ್ನೂ ಕೀಳುಮಾಡಬೇಕೆಂದರೆ ಅದೇ ಅಕ್ಷರಗಳನ್ನು 'ಸ್ಕಿಫಿ' ಎಂದು ಉಚ್ಚರಿಸುತ್ತಿದ್ದರು.

ಸ್ಟಾರ್ ಟ್ರೆಕ್ ಬಂದದ್ದು ಈ ಮಡಿವಂತಿಕೆಯ ನಡುವೆ. ಅದರ ನಿರ್ಮಾಪಕ ಜೀನ್ ರಾಡನ್‌ಬೆರಿ ಟೆಲಿವಿಷನ್ ಕಂಪನಿಗಳ ಮುಂದೆ ಕಥೆಯನ್ನು 'ನಕ್ಷತ್ರಗಳತ್ತ ಹೊರಟ ಬಂಡಿಗಳ ಸಾಲು' ಎಂಬಂತೆ ವಿವರಿಸಿದ್ದರು. ಆಗ ಜನಪ್ರಿಯವಾಗಿದ್ದ 'ವ್ಯಾಗನ್ ಟ್ರೇನ್' ಧಾರಾವಾಹಿಯ ನೆನಪು ಅದರಲ್ಲಿತ್ತು. 'ಟ್ರೆಕ್' ಪದವೂ ಬಂಡಿಯದೇ. ದಕ್ಷಿಣ ಆಫ್ರಿಕಾದ ಡಚ್ ಮೂಲದ ರೈತರು ಎತ್ತಿನ ಗಾಡಿ ಕಟ್ಟಿಕೊಂಡು ಒಳನಾಡಿಗೆ ವಲಸೆ ಹೋದದ್ದಕ್ಕೆ ಆ ಹೆಸರು.

ಧಾರಾವಾಹಿ ನಿಲ್ಲುತ್ತದೆಂಬ ಸುದ್ದಿ ಹಬ್ಬಿದಾಗ ಬಿಜೋ ಟ್ರಿಂಬಲ್ ಮತ್ತು ಪತಿ ಜಾನ್ ಟ್ರಿಂಬಲ್ ಪತ್ರ ಚಳವಳಿ ನಡೆಸಿದರು. ಕಾಗದಗಳ ರಾಶಿಗೆ ಮಣಿದ ಎನ್‌ಬಿಸಿ, 1968ರ ಮಾರ್ಚ್ 1ರಂದು ಕಾರ್ಯಕ್ರಮದ ಕೊನೆಯಲ್ಲಿ ಧಾರಾವಾಹಿ ಮುಂದುವರಿಯುವುದಾಗಿ ಪ್ರಕಟಿಸಬೇಕಾಯಿತು. ಮರುವರ್ಷ ಅದು ನಿಂತೇ ಹೋಯಿತು, 79 ಕಂತುಗಳಿಗೆ. ವಿಚಿತ್ರವೆಂದರೆ ನಿಂತ ಮೇಲೆ ಮರುಪ್ರಸಾರಗಳಿಂದ ಅಭಿಮಾನಿಗಳು ಇನ್ನಷ್ಟು ಹೆಚ್ಚಿದರು. ನ್ಯೂಯಾರ್ಕಿನಲ್ಲಿ 1972ರ ಜನವರಿಯಲ್ಲಿ ಸ್ಟಾರ್ ಟ್ರೆಕ್‌ಗೇ ಮೀಸಲಾದ ಸಮಾವೇಶ ನಡೆದಾಗ ಕೆಲವು ನೂರು ಜನರನ್ನು ನಿರೀಕ್ಷಿಸಿದ್ದ ಸಂಘಟಕರ ಮುಂದೆ ಮೂರು ಸಾವಿರಕ್ಕೂ ಹೆಚ್ಚು ಜನ ನಿಂತಿದ್ದರು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಮೊದಲ ಸ್ಟಾರ್ ಟ್ರೆಕ್ ಅಭಿಮಾನಿ ಪತ್ರಿಕೆ, 1967ರ 'ಸ್ಪಾಕನೇಲಿಯಾ'ವನ್ನು ಹೊರತಂದವರು ಇಬ್ಬರು ಮಹಿಳೆಯರು: ದೇವ್ರಾ ಲ್ಯಾಂಗ್ಸಮ್ ಮತ್ತು ಶೆರ್ನಾ ಕಮರ್‌ಫೋರ್ಡ್. ಪತ್ರ ಚಳವಳಿಯ ಮುಂಚೂಣಿಯಲ್ಲಿದ್ದವರು ಮಹಿಳೆ. ಕಥೆ ಬರೆದವರಲ್ಲಿ, ಪತ್ರಿಕೆ ಹೊಲಿದು ಹಂಚಿದವರಲ್ಲಿ ಬಹುಪಾಲು ಮಹಿಳೆಯರು. ಹಳೆಯ ಗುಂಪಾದರೋ ಬಹುಮಟ್ಟಿಗೆ ಗಂಡಸರ ಕೂಟ. ಪುಸ್ತಕ ಓದದೆ ಟಿವಿ ನೋಡಿ ಬಂದವರು, ನಟನ ಕಿವಿಗೆ ಮರುಳಾದವರು ಎಂಬ ತಾತ್ಸಾರ ಅಲ್ಲಿತ್ತು. 'ಟ್ರೆಕ್ಕಿ' ಪದ ಅಂಟಿದ್ದು ಈ ತಾತ್ಸಾರಕ್ಕೆ.

ಇಂಗ್ಲಿಷಿನಲ್ಲಿ ಆ 'ಇ' ಪ್ರತ್ಯಯ ಮುದ್ದಿನದೂ ಹೌದು, ಕಿರಿದು ಮಾಡುವುದೂ ಹೌದು. ರಾಕ್ ಗಾಯಕರ ಹಿಂದೆ ಸುತ್ತುವ ಹುಡುಗಿಯರನ್ನು 'ಗ್ರೂಪಿ' ಎಂದದ್ದು ಅದೇ ಕಾಲದಲ್ಲಿ. 'ಅರ್' ಪ್ರತ್ಯಯ ಹಾಗಲ್ಲ, ಅದು ಕೆಲಸ ಮಾಡುವವನನ್ನು ಹೇಳುತ್ತದೆ. ಮಾತುಗಾರ ಎಂದರೆ ಮೆಚ್ಚುಗೆ, ಬಾಯಿಬಡುಕ ಎಂದರೆ ಮೂದಲಿಕೆ. ಹೇಳುವುದು ಮಾತನಾಡುವವನ ಬಗ್ಗೆಯೇ, ಆದರೆ ಯಾವುದನ್ನು ಅಂಟಿಸುತ್ತೇವೆ ಎಂಬುದರಲ್ಲಿ ತೀರ್ಪಿದೆ. 1970ರ ಹೊತ್ತಿಗೆ ಅಭಿಮಾನಿ ಪತ್ರಿಕೆಗಳಲ್ಲಿ 'ಟ್ರೆಕ್ಕರ್' ಎಂಬ ಪದ ಕಾಣಿಸಿಕೊಂಡಿತು. ನಟರನ್ನು ಕಂಡರೆ ಕಿರುಚುವವರು ಟ್ರೆಕ್ಕಿಗಳು, ಕಥೆಯ ಆಶಯವನ್ನು ಚರ್ಚಿಸುವ ವಿಚಾರವಂತರು ಟ್ರೆಕ್ಕರ್‌ಗಳು ಎಂಬ ವಿಂಗಡಣೆ ಹುಟ್ಟಿತು. ತಮ್ಮ ಮೇಲೆ ಹಳಬರು ಹೊರಿಸಿದ ತಾತ್ಸಾರವನ್ನು ಇವರು ತಮ್ಮೊಳಗಿನ ಕಿರಿಯರಿಗೆ ದಾಟಿಸಿದರು ಎಂಬುದನ್ನೂ ಮರೆಯಬಾರದು.

ಹೆಸರಿನ ಶಕ್ತಿ ಈ ಜನರಿಗೆ ಚೆನ್ನಾಗಿ ಗೊತ್ತಿತ್ತು. ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ 'ಕಾನ್‌ಸ್ಟಿಟ್ಯೂಷನ್' ಎಂದು ಹೆಸರಿಡಲು ಸಿದ್ಧತೆ ನಡೆದಿತ್ತು. ಧಾರಾವಾಹಿಯ ನೌಕೆಯ ಹೆಸರಿಡಿ ಎಂದು ಅಭಿಮಾನಿಗಳು ಅಧ್ಯಕ್ಷ ಫೋರ್ಡ್ ಅವರಿಗೆ ಕಾಗದಗಳ ಮಳೆ ಸುರಿಸಿದರು. 1976ರ ಸೆಪ್ಟೆಂಬರ್ 17ರಂದು ಷಟಲ್ ಹೊರಬಂದಾಗ ಅದರ ಮೈಮೇಲೆ 'ಎಂಟರ್‌ಪ್ರೈಸ್' ಎಂದಿತ್ತು. ಅಭಿಮಾನಿಗಳ ಮಾತು ನಡೆದರೂ ನೌಕೆ ಮಾತ್ರ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಅದು ವಾತಾವರಣದೊಳಗಿನ ಪರೀಕ್ಷೆಗೆಂದೇ ಮಾಡಿದ್ದು.

ಇಷ್ಟೆಲ್ಲ ಆದ ಮೇಲೂ ಪೆಟ್ಟು ಬಿದ್ದದ್ದು ಮನೆಯವರಿಂದಲೇ. 1986ರ ಡಿಸೆಂಬರ್ 20ರಂದು 'ಸ್ಯಾಟರ್ಡೆ ನೈಟ್ ಲೈವ್' ಹಾಸ್ಯ ಕಾರ್ಯಕ್ರಮದಲ್ಲಿ ಕ್ಯಾಪ್ಟನ್ ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಒಂದು ಕಿರುಪ್ರಹಸನ ಆಡಿದರು. ಅಭಿಮಾನಿಗಳ ಸಮಾವೇಶದಲ್ಲಿ ನಿಂತ ನಟ ತಾಳ್ಮೆಗೆಟ್ಟು, ಇದೊಂದು ಟಿವಿ ಕಾರ್ಯಕ್ರಮವಷ್ಟೇ, ನಿಮಗೂ ಒಂದು ಬದುಕೆಂಬುದು ಬೇಡವೇ ಎಂದು ಗದರಿಸುತ್ತಾನೆ. ಮದುವೆಯಾಗದ, ಹೆಣ್ಣಿನ ಗಾಳಿ ಸೋಕದ ಗಂಡಸರಂತೆ ಅಭಿಮಾನಿಗಳನ್ನು ಅದರಲ್ಲಿ ಚಿತ್ರಿಸಲಾಗಿತ್ತು. ಸಮಾವೇಶಗಳನ್ನು ಕಟ್ಟಿದ ಮಹಿಳೆಯರು ಆ ಚಿತ್ರದಿಂದ ಮಾಯವಾಗಿದ್ದರು. ಹಲವರು ನಕ್ಕರು, ಹಲವರು ನೊಂದರು. ಆರು ವರ್ಷಗಳ ನಂತರ ಹೆನ್ರಿ ಜೆಂಕಿನ್ಸ್ ಎಂಬ ವಿದ್ವಾಂಸ ಅಭಿಮಾನಿಗಳ ಬಗ್ಗೆ ಬರೆದ 'ಟೆಕ್ಸ್ಚುವಲ್ ಪೋಚರ್ಸ್' ಗ್ರಂಥ ಆರಂಭವಾಗುವುದೇ ಈ ಪ್ರಹಸನದಿಂದ. ಜೆಂಕಿನ್ಸ್ ಸ್ವತಃ ಅಭಿಮಾನಿ. ಅದೇ 1992ರಲ್ಲಿ ಕೆಮಿಲ್ ಬೇಕನ್-ಸ್ಮಿತ್ ಅವರ 'ಎಂಟರ್‌ಪ್ರೈಸಿಂಗ್ ವಿಮೆನ್' ಬಂತು. ಆ ಮಹಿಳೆಯರ ಬರವಣಿಗೆಯ ಲೋಕ ಮೊದಲ ಬಾರಿಗೆ ವಿಸ್ತಾರವಾಗಿ ವಿಶ್ವವಿದ್ಯಾಲಯಗಳ ಮೇಜಿನ ಮೇಲೆ ಬಂದದ್ದು ಹೀಗೆ.

ಹೆಸರಿನ ಇಕ್ಕಟ್ಟು ನಟರನ್ನೂ ಬಿಡಲಿಲ್ಲ. ಸ್ಪಾಕ್ ಪಾತ್ರಧಾರಿ ಲೆನಾರ್ಡ್ ನಿಮೊಯ್ 1975ರಲ್ಲಿ ಆತ್ಮಕಥೆಗೆ ಇಟ್ಟ ಹೆಸರು 'ಐ ಆಮ್ ನಾಟ್ ಸ್ಪಾಕ್'. ಅಭಿಮಾನಿಗಳು ಮುನಿಸಿಕೊಂಡರು. ಇಪ್ಪತ್ತು ವರ್ಷಗಳ ನಂತರದ ಪುಸ್ತಕದ ಹೆಸರು 'ಐ ಆಮ್ ಸ್ಪಾಕ್'!

ಇನ್ನೊಂದೆಡೆ, ಮೂದಲಿಕೆಯ 'ಸೈ-ಫೈ' ಪದವನ್ನೇ ಹೊತ್ತ ಟೆಲಿವಿಷನ್ ವಾಹಿನಿ ಅಮೆರಿಕದಲ್ಲಿ 1992ರಲ್ಲಿ ಹುಟ್ಟಿ, 2009ರಲ್ಲಿ ತನ್ನ ಹೆಸರಿನ ಕಾಗುಣಿತವನ್ನು ಬದಲಾಯಿಸಿಕೊಂಡಿತು. ಎಲ್ಲರೂ ಬಳಸುವ ಸಾಮಾನ್ಯ ಪದವನ್ನು ಯಾರೊಬ್ಬರೂ ತಮ್ಮ ವ್ಯಾಪಾರ ಮುದ್ರೆಯಾಗಿ ಕಾಯ್ದಿರಿಸಿಕೊಳ್ಳಲಾಗದು ಎಂಬುದೇ ಮುಖ್ಯ ಕಾರಣ. ಐವತ್ತು ವರ್ಷ ದೂರವಿಟ್ಟ ಪದ ಅಷ್ಟು ಸಾಮಾನ್ಯವಾಗಿ ಹೋಗಿತ್ತು.

'ಟ್ರೆಕ್ಕಿ' ಪದಕ್ಕೂ ಹಾಗೆಯೇ ಆಯಿತು. ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಪಟ್ಟಣದಲ್ಲಿ 1996ರಲ್ಲಿ ಒಂದು ಪ್ರಮುಖ ಮೊಕದ್ದಮೆಯ ಜ್ಯೂರಿಯಲ್ಲಿದ್ದ ಮಹಿಳೆಯೊಬ್ಬರು ಪ್ರತಿದಿನವೂ ಸ್ಟಾರ್ ಟ್ರೆಕ್ ಸಮವಸ್ತ್ರ ಧರಿಸಿ ನ್ಯಾಯಾಲಯಕ್ಕೆ ಬಂದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದರು. ಅವರನ್ನು ಜ್ಯೂರಿಯಿಂದ ಕೈಬಿಟ್ಟದ್ದು ಸಮವಸ್ತ್ರಕ್ಕಲ್ಲ, ಟಿವಿಯವರೊಂದಿಗೆ ಮಾತನಾಡಿದ್ದಕ್ಕೆ. ಮರುವರ್ಷ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಈ ಮಹಿಳೆ ಇದ್ದಾರೆ, ಅವರಂಥ ಇನ್ನೂ ಅನೇಕರಿದ್ದಾರೆ. ನಟಿ ಡೆನಿಸ್ ಕ್ರಾಸ್ಬಿ ಅವರನ್ನೆಲ್ಲ ಮಾತನಾಡಿಸುತ್ತಾರೆ. ಟ್ರೆಕ್ಕಿಯೋ ಟ್ರೆಕ್ಕರ್ರೋ ಎಂಬ ಪ್ರಶ್ನೆಯೂ ಅದರಲ್ಲಿ ಬರುತ್ತದೆ, ಒಬ್ಬೊಬ್ಬರದು ಒಂದೊಂದು ಉತ್ತರ. ಚಿತ್ರಕ್ಕೆ ಇಟ್ಟ ಹೆಸರು ಮಾತ್ರ 'ಟ್ರೆಕ್ಕೀಸ್'.