ಕೊಳೆತರೂ ಕೆಡದ ದ್ರಾಕ್ಷಿ

ಮೇಡ್ಲೇರಿಯ ಸುತ್ತಿನವರಾದ ನಮಗೆ ಬ್ಯಾಡಗಿ ಮೆಣಸಿನಕಾಯಿಯ ಪರಿಚಯ ಹೊಸದಲ್ಲ. ಸುಕ್ಕುಗಟ್ಟಿದ ಕಾಯಿಗೇ ಅಲ್ಲಿ ಮನ್ನಣೆ. ಬೂಷ್ಟು ಹಿಡಿದದ್ದು ಮಾತ್ರ ತಿಪ್ಪೆಗೆ ಸಲ್ಲತಕ್ಕದ್ದು. ದ್ರಾಕ್ಷಿಯಲ್ಲಾದರೋ ಬೂಷ್ಟು ಹಿಡಿದ ಹಣ್ಣೇ ಒಮ್ಮೊಮ್ಮೆ ಅತ್ಯುತ್ತಮವೆನಿಸುವುದೆಂದರೆ ನಮ್ಮ ರೈತ ಬಾಂಧವರು ನಂಬಲಾರರು.

ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯ ಫಲದಿಂದಾದ, ಸಹಜವಾದ, ಕೆಡದಿರುವ ರಸವಾಗಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುತ್ತದೆ. ಆದರೆ ಯಾವುದು ಕೆಟ್ಟದ್ದು, ಯಾವುದು ಕೆಡದಿರುವುದು? ಈ ಪ್ರಶ್ನೆಯನ್ನು ಸಂನ್ಯಾಸಿಗಳ ತೋಟವೊಂದು ಹಿಂದೊಮ್ಮೆ ಎದುರಿಸಬೇಕಾಯಿತು.

ಜರ್ಮನಿಯ ರೈನ್ ನದಿಯ ಸಮೀಪದ ಯೊಹಾನ್ನಿಸ್‌ಬೆರ್ಗ್ ಮೊದಲು ಬೆನೆಡಿಕ್ಟ್ ಸಭೆಯವರ ಮಠವಾಗಿತ್ತು. 1716ರಲ್ಲಿ ಅದು ಫುಲ್ಡದ ಮಠಾಧಿಪತಿಗಳ ವಶವಾಗಿ, 1720ರಲ್ಲಿ ಅಲ್ಲಿ ರೀಸ್ಲಿಂಗ್ ಬಳ್ಳಿಗಳನ್ನು ನೆಡಲಾಯಿತು. ಕೊಯ್ಲಿಗೆ ದೂರದ ಫುಲ್ಡದಿಂದ ಅಪ್ಪಣೆ ಬರಬೇಕು. ಅದನ್ನು ಕುದುರೆ ಸವಾರನೊಬ್ಬನು ತರುತ್ತಿದ್ದನು. 1775ರಲ್ಲಿ ಸವಾರನು ತಡಮಾಡಿದನಂತೆ. ಏಕೆಂಬುದಕ್ಕೆ ಕಥೆಗಳು ಹಲವು. ಅಷ್ಟರಲ್ಲಿ ಗೊನೆಗಳು ಬೂಷ್ಟು ಹಿಡಿದು ಬಾಡಿದ್ದವು. ಆದರೂ ಕೊಯ್ದು ಹಿಂಡಲಾಗಿ, ಅಪೂರ್ವ ಮಾಧುರ್ಯದ ರಸವೇ ದೊರೆಯಿತು. ಅಂಗಳದಲ್ಲಿ ಆ ಸವಾರನ ಪ್ರತಿಮೆ ಇಂದಿಗೂ ನಿಂತಿದೆ. ಹಂಗೇರಿಯ ತೋಕಾಯ್ ಪ್ರಾಂತದವರು ಈ ಮರ್ಮವನ್ನು ಅದಕ್ಕೂ ಮೊದಲೇ ಬಲ್ಲವರಾಗಿದ್ದುದರಿಂದ ಕೀರ್ತಿಯನ್ನೆಲ್ಲ ಸವಾರನಿಗೇ ಒಪ್ಪಿಸುವುದು ನ್ಯಾಯವಲ್ಲವೆಂದು ನಮ್ಮ ಭಾವನೆ.

ಈ ಬೂಷ್ಟಿನ ಹೆಸರು ಬೊಟ್ರೈಟಿಸ್ ಸಿನೇರಿಯಾ. ಬೆಳಗಿನ ಮಂಜು ಅದನ್ನು ಪೋಷಿಸಿದರೆ ಮಧ್ಯಾಹ್ನದ ಬಿಸಿಲು ಹದ್ದಿನಲ್ಲಿಡುತ್ತದೆ. ಅದು ಸಿಪ್ಪೆಯನ್ನು ಸೂಕ್ಷ್ಮವಾಗಿ ಭೇದಿಸಲು, ನೀರು ಆವಿಯಾಗಿ ಸಕ್ಕರೆಯೂ ಹುಳಿಯೂ ಸಾಂದ್ರವಾಗುತ್ತವೆ. ಹಣ್ಣು ಮೊದಲೇ ಪೂರ್ಣ ಮಾಗಿರಬೇಕು. ಮಾಗದ ಹಣ್ಣಿಗೆ ತಗುಲಿದರೆ, ಇಲ್ಲವೇ ಮಳೆ ಜಡಿಯಹಿಡಿದರೆ, ಅದೇ ಬೂಷ್ಟು ಬೆಳೆಯನ್ನು ನಾಶಮಾಡುತ್ತದೆ. ಆದಕಾರಣ ಫ್ರಾನ್ಸಿನ ಸೊತೆರ್ನ್‌ನಲ್ಲಿ ಕೊಯ್ಯುವವರು ಒಂದೇ ತೋಟವನ್ನು ಹಲವು ಬಾರಿ ಸುತ್ತಿ, ನೇರಳೆಗಂದು ಬಣ್ಣಕ್ಕೆ ತಿರುಗಿ ಸುಕ್ಕಾದ ಹಣ್ಣುಗಳನ್ನಷ್ಟೇ ಆಯುತ್ತಾರೆ. ಹುಳಿನಾತ ಬೀರುವುದನ್ನು ಬಿಸುಡುತ್ತಾರೆ.

ನಮ್ಮ ನಾಡಿನ ಹವೆಯೇ ಬೇರೆ. ವಿಜಯಪುರದ ಥಾಮ್ಸನ್ ಬೀಜರಹಿತ ದ್ರಾಕ್ಷಿಯನ್ನು ಸಾಂದ್ರಗೊಳಿಸುವುದು ಬೂಷ್ಟಲ್ಲ, ಒಣಗಾಳಿ; ದೊರೆಯುವುದು ಒಣದ್ರಾಕ್ಷಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯು ಕಪ್ಪಾದ ಮಾತ್ರಕ್ಕೆ ಮಾಗಿತೆನ್ನಲಾಗದು. ಬೀಜ ಕಂದಾಗಿದೆಯೇ ಎಂದು ಬಿಡಿಸಿ ನೋಡಬೇಕು; ರಸದ ಹನಿಯನ್ನು ರಿಫ್ರಾಕ್ಟೋಮೀಟರಿಗಿಟ್ಟು ಸಕ್ಕರೆಯನ್ನು ಅಳೆಯಬೇಕು. ಆ ಹೊತ್ತಿಗೆ ಮೋಡ ಕವಿದರೆ ಬೆಳೆಗಾರನು ಯಾವ ಸವಾರನಿಗಾಗಿಯೂ ಕಾಯಲಾರನು.